ಮಳೆ ಮಾಪಕದ ಪಲ್ಸ್ ಎಣಿಸುವಾಗ

ಮಳೆ ಮಾಪಕದ ಪಲ್ಸ್ ಎಣಿಸುವ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಮಾಪಕದ ಸ್ವಿಚ್‌ನ ಸಿಗ್ನಲ್ ನೇರವಾಗಿ ಪಲ್ಸ್ (ಸ್ವಿಚ್ ಒಮ್ಮೆ ಕೂಡಿದಾಗ ಬರುವ ಸಿಗ್ನಲ್) ಎಣಿಸುವ ಬ್ಲಾಕ್‌ಗೆ ಕೊಟ್ಟರೆ ಸಾಕು ಅಂತ ಬರೆದಿದ್ದೀರಿ. ಅದೊಂದನ್ನು ದಯವಿಟ್ಟು ತಿದ್ದಿ. ಮಡಿಕೇರಿ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ನಾನೂ ಹಾಗೇ ಮಾಡಿದ್ದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ ಅಪ್ಪ ಗಾಜಿನ ಅಳತೆ ನೋಡಿ ಒಂದು ಇಂಚು ಅಂದರು. ನನ್ನ ಪರದೆಯಲ್ಲಿ ಸಾವಿರಾರು ಇಂಚು!

ಮಾಪಕದೊಳಗಿನ ಪುಟ್ಟ ಬಟ್ಟಲು 0.2 ಮಿಲಿಮೀಟರ್ ಮಳೆಗೊಮ್ಮೆ ವಾಲುತ್ತದೆ. ಅದರ ಅಯಸ್ಕಾಂತ ಹಾದುಹೋಗುವಾಗ ರೀಡ್ ಸ್ವಿಚ್ ಕೂಡಿಕೊಳ್ಳುತ್ತದೆ, ನಮ್ಮದರಲ್ಲಿ ಸುಮಾರು 0.1 ಸೆಕೆಂಡ್. ಡಿಎಸ್‌ಪಿ (ಸಿಗ್ನಲ್ ಸಂಸ್ಕರಿಸುವ ಚಿಪ್) ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸಿಗ್ನಲ್‌ನ ಕ್ಷಣ ಕ್ಷಣದ ಅಳತೆ, ಓದುತ್ತಿದ್ದರೆ ಆ ಒಂದೇ ಪಲ್ಸ್ 4,800 ಸ್ಯಾಂಪಲ್‌ನಷ್ಟು ಉದ್ದ. ಬ್ಲಾಕ್ ಪ್ರತಿ ಸ್ಯಾಂಪಲ್‌ಗೂ ಒಂದು ಕೂಡಿಸುತ್ತಾ ಹೋಯಿತು. ಹಿಂದಿನ ಸ್ಯಾಂಪಲ್ 0 (ಸ್ವಿಚ್ ಬಿಟ್ಟಿದೆ), ಈಗಿನದು 1 (ಕೂಡಿದೆ) ಇದ್ದಾಗ ಮಾತ್ರ ಎಣಿಸಬೇಕು, ಅಲ್ವಾ?

ಅಷ್ಟಾದರೂ ಲೆಕ್ಕ ಸ್ವಲ್ಪ ಜಾಸ್ತಿಯೇ ಬರುತ್ತಿತ್ತು. ಸ್ವಿಚ್‌ನೊಳಗಿನ ಲೋಹದ ಎಲೆಗಳು ಕೂಡುವಾಗ ಕೆಲವು ಸಲ ಪುಟಿಯುತ್ತವೆ, ಒಂದು ಪಲ್ಸ್ ಮೂರು ನಾಲ್ಕಾಗುತ್ತದೆ. ಒಂದು ಎಣಿಕೆ ಆದ ಮೇಲೆ 2,400 ಸ್ಯಾಂಪಲ್, ಅಂದರೆ 50 ಮಿಲಿಸೆಕೆಂಡ್, ಸುಮ್ನೆ ಕಾಯುವಂತೆ ಮಾಡಿದೆ. ಇದರಿಂದ ನಿಜವಾದ ಪಲ್ಸ್ ತಪ್ಪುವ ಭಯವಿಲ್ಲ. ಗಂಟೆಗೆ 120 ಮಿಲಿಮೀಟರ್ ಸುರಿದರೂ ಬಟ್ಟಲು ವಾಲುವುದು 6 ಸೆಕೆಂಡಿಗೊಮ್ಮೆ. ಈಗ ಒಂದು ಇಂಚಿಗೆ (25.4 ಮಿಲಿಮೀಟರ್) ಸರಿಯಾಗಿ 127 ಎಣಿಕೆ ಬರುತ್ತಿದೆ.

ಇನ್ನೊಂದು ಮಾತು, ನೀವು ತೋರಿಸಿದ 8 ಬಿಟ್ ಕೌಂಟರ್ ನಮ್ಮ ಕಡೆಗೆ ಸಾಲದು. 255 ಆದ ಮೇಲೆ ಅದು 0ಗೆ ಮರಳುತ್ತದೆ. 255 ಅಂದರೆ 51 ಮಿಲಿಮೀಟರ್. ಜುಲೈಯಲ್ಲಿ ಭಾಗಮಂಡಲದ ಕಡೆ ಅಷ್ಟು ಮಳೆ ಒಂದೇ ದಿನಕ್ಕೆ ಬೀಳುತ್ತದೆ. 16 ಬಿಟ್ ಇಟ್ಟುಕೊಳ್ಳಿ.