ಮೊದಲ ಮನುಷ್ಯನ ಮೊದಲ ದಿನ

ಒಂದು ಮಾತಿಗೆ ಹೀಗೆ ಇಟ್ಟುಕೊಳ್ಳೋಣ. ದೇವರು ಮೊಟ್ಟಮೊದಲ ಮನುಷ್ಯನನ್ನು ಇವತ್ತು ಬೆಳಿಗ್ಗೆ ಮಾಡಿದ. ಕೂಸಾಗಿ ಅಲ್ಲ, ಮೂವತ್ತು ವರ್ಷದ ಗಟ್ಟಿಮುಟ್ಟಾದ ಗಂಡಸಾಗಿ. ಮಾಡಿ, ನಮ್ಮ ಮೂಡಿಗೆರೆ ಕಡೆಯ ಯಾವುದೋ ಹಳ್ಳದ ಪಕ್ಕ ತಂದು ನಿಲ್ಲಿಸಿದ. ಆಷಾಢದ ಮಳೆ, ಕಾಲಿಗೆ ಇಂಬಳ, ಮೈಮೇಲೆ ಬಟ್ಟೆ ಇಲ್ಲ. ಅಪ್ಪ ಅಮ್ಮ ಇಲ್ಲ, ನೆರೆಹೊರೆ ಇಲ್ಲ. ಈಗ ಅವನ ತಲೆಯಲ್ಲಿ ಏನಿರುತ್ತದೆ?

ದೇವರು ಮಾಡಿದ್ದು ಹೌದೋ ಅಲ್ಲವೋ, ಡಾರ್ವಿನ್ ಏನು ಹೇಳಿದ, ಆ ಜಗಳ ಇವತ್ತು ಬೇಡ. ಮಾಡಿದ್ದು ಹೌದು ಅಂತಲೇ ಒಪ್ಪಿಕೊಂಡರೂ ಈ ಪ್ರಶ್ನೆ ಅಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ. "ದೇವರಲ್ವಾ, ಎಲ್ಲಾ ತಿಳಿವಳಿಕೆ ಕೊಟ್ಟೇ ಕಳಿಸಿರ್ತಾನೆ ಬಿಡಿ" ಅಂತ ಗೆಳೆಯರೊಬ್ಬರು ಒಂದೇ ಮಾತಲ್ಲಿ ಮುಗಿಸಿದರು. ಎಲ್ಲಾ ಅಂದರೆ ಏನೇನು? ನನ್ನ ತಕರಾರು ಅಲ್ಲೇ.

ಎದ್ದು ನಿಲ್ಲುವುದರಿಂದಲೇ ಶುರು ಮಾಡಿ. ಕೊಟ್ಟಿಗೆಯಲ್ಲಿ ಹುಟ್ಟಿದ ಕರು, ತಾಯಿ ನೆಕ್ಕಿ ಮುಗಿಸುವಷ್ಟರಲ್ಲಿ ನಡುಗುವ ಕಾಲಲ್ಲಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ತಾಯಿಯ ಮುಂಗಾಲ ಸಂದಿಗೆಲ್ಲ ಮೂತಿ ತೂರಿಸಿ, ಕೊನೆಗೆ ಹಿಂದಕ್ಕೆ ಬಂದು ಕೆಚ್ಚಲು ಹಿಡಿಯುತ್ತದೆ. ಯಾರೂ ಹೇಳಿಕೊಟ್ಟಿರುವುದಿಲ್ಲ. ಸಕಲೇಶಪುರ, ಆಲೂರು ಕಡೆ ತೋಟಕ್ಕೆ ಬರುವ ಆನೆ ಹಿಂಡಿನಲ್ಲಿ ಮರಿ ಇದ್ದರೆ ನೋಡಿ (ದೂರದಿಂದ, ದಯವಿಟ್ಟು). ಅದಕ್ಕೂ ಹುಟ್ಟಿದ ದಿನವೇ ನಡಿಗೆ ಬರುತ್ತದೆ. ಆದರೆ ಸೊಂಡಿಲು ಹೇಳಿದ ಮಾತು ಕೇಳುವುದಿಲ್ಲ. ಅದು ಪಳಗಲು ತಿಂಗಳುಗಟ್ಟಲೆ ಬೇಕು. ಮನುಷ್ಯನ ಕೂಸಿಗಂತೂ ಹಾಲು ಚೀಪುವುದು, ಕೊಟ್ಟ ಬೆರಳು ಹಿಡಿಯುವುದು, ಅಳುವುದು ಬಿಟ್ಟರೆ ಜಾಸ್ತಿ ಏನೂ ಬರುವುದಿಲ್ಲ. ನಡೆಯಲು ವರ್ಷ ಬೇಕು.

ಹಾಲಿಗೆ ಬಾಯಿ ಚಾಚುವ ಈ ಕೂಸನ್ನೇ ಸಾಕ್ಷಿಗೆ ನಿಲ್ಲಿಸಿ ನಮ್ಮ ಹಳೇ ತರ್ಕಶಾಸ್ತ್ರದ ಪಂಥವಾದ ನ್ಯಾಯದರ್ಶನದವರು ಹಿಂದಿನ ಜನ್ಮ ಇದೆ ಅಂತ ವಾದ ಹೂಡಿದರು. ಈ ಜನ್ಮದಲ್ಲಿ ಕಲಿತಿಲ್ಲ, ಹಾಗಾದರೆ ಹಿಂದೆ ಕಲಿತಿರಬೇಕು. ಅವರ ಲೆಕ್ಕದಲ್ಲಿ ಮೊದಲ ಜನ್ಮ ಅನ್ನುವುದೇ ಇಲ್ಲ. ಹಾಗಾಗಿ ಹಳ್ಳದ ಪಕ್ಕ ನಿಂತಿರುವ ನಮ್ಮ ಮನುಷ್ಯನ ಫಜೀತಿ ಅವರಿಗಿಲ್ಲ. ಜಾಣರು.

ಕಣ್ಣಿನ ವಿಷಯ ಇನ್ನೂ ಕಷ್ಟ. ಕಣ್ಣು ಬಿಟ್ಟರೆ ಕಾಣುತ್ತದೆ, ಅದರಲ್ಲೇನು ಅಂತ ನಾವು ಅಂದುಕೊಂಡಿರುತ್ತೇವೆ. ವಿಜ್ಞಾನಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಉತ್ತರ ಭಾರತದಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಮಕ್ಕಳಿಗೆ ಆಪರೇಷನ್ ಮಾಡಿಸುತ್ತದೆ. ಹಾಗೆ ದೃಷ್ಟಿ ಬಂದ 8ರಿಂದ 17 ವರ್ಷದ ಐವರು ಮಕ್ಕಳ ಮೇಲೆ ಮಾಡಿದ ಪರೀಕ್ಷೆ 2011ರಲ್ಲಿ ಪ್ರಕಟವಾಯಿತು. ಆಟದ ತುಂಡೊಂದನ್ನು ಕಾಣದ ಹಾಗೆ ಕೈಗೆ ಕೊಟ್ಟರು. ಆಮೇಲೆ ಎರಡು ತುಂಡು ಎದುರಿಗಿಟ್ಟು, ನೀನು ಮುಟ್ಟಿದ್ದು ಯಾವುದು ಅಂತ ಕೇಳಿದರು. ಮಕ್ಕಳಿಗೆ ಹೇಳಲಾಗಲಿಲ್ಲ, ಬರೀ ಅಂದಾಜು ಹೊಡೆದರು. ಎರಡು ತುಂಡೂ ಕಣ್ಣಿಗೆ ಕಾಣುತ್ತಿದ್ದವು. ಆದರೆ ಕೈಗೆ ಗೊತ್ತಿದ್ದದ್ದು ಕಣ್ಣಿಗೆ ಗೊತ್ತಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಗೊತ್ತಾಯಿತು.

ಅಂದರೆ ಕಾಲಿಗೆ ಎಡವಿದ ಕಲ್ಲೂ ಕಣ್ಣಿಗೆ ಕಾಣುವ ಕಲ್ಲೂ ಒಂದೇ ಅನ್ನುವುದನ್ನು ಕೂಡ ದೇವರು ಅವನ ತಲೆಗೆ ಬೇರೆಯಾಗಿ ಹಾಕಬೇಕು.

ಇನ್ನು ಹೊಟ್ಟೆ. ಮಳೆಗಾಲದಲ್ಲಿ ಹಳ್ಳದ ಪಕ್ಕ ಬಿದಿರುಮೆಳೆ ಇದ್ದರೆ ಕಳಲೆ ಎದ್ದಿರುತ್ತದೆ. ನಮ್ಮ ಅತ್ತೆ ಕಳಲೆ ಹೆಚ್ಚುವುದನ್ನು ನೋಡಬೇಕು. ಈಳಿಗೆ ಮಣೆ ಮೇಲೆ ಕೂತು ಹೊರಗಿನ ಒರಟು ಸಿಪ್ಪೆಯನ್ನು ಪದರ ಪದರವಾಗಿ ಬಿಚ್ಚುತ್ತಾರೆ. ಒಳಗಿನ ಎಳೇದನ್ನು ತೆಳ್ಳಗೆ ಬಿಲ್ಲೆ ಮಾಡಿ ನೀರಿಗೆ ಹಾಕುತ್ತಾರೆ. ಮೂರು ದಿನ, ದಿನಾ ನೀರು ಬದಲಾಯಿಸಲೇಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಿಷ ಇರುತ್ತದೆ. ಅತ್ತೆಗೆ ಸಯನೈಡ್ ಗೊತ್ತಿಲ್ಲ, ಮೂರು ದಿನ ಗೊತ್ತು.

"ಮೂರು ದಿನ ಅಂತ ಯಾರು ಹೇಳಿಕೊಟ್ರು ಅತ್ತೆ?"

"ನಮ್ಮವ್ವ."

"ನಿಮ್ಮವ್ವಂಗೆ?"

"ಅವರವ್ವ. ಇನ್ಯಾರು?"

"ಮೊಟ್ಟಮೊದಲನೇ ಅವ್ವಂಗೆ?"

ಅತ್ತೆ ಈಳಿಗೆಯಿಂದ ಕಣ್ಣು ತೆಗೆಯಲಿಲ್ಲ. "ಅವಳು ಹಸೀದೇ ತಿಂದು ಸತ್ತಿರ್ತಾಳೆ ಕಣೋ. ಪಕ್ಕದಲ್ಲಿ ನೋಡ್ತಾ ಇದ್ದವಳು ಕಲ್ತಿರ್ತಾಳೆ."

ಇದಕ್ಕಿಂತ ಒಳ್ಳೆ ಉತ್ತರ ನಾನು ಕೇಳಿಲ್ಲ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಬೈಬಲ್ಲಿನ ಮೊದಲ ಮನುಷ್ಯ ಆದಾಮನನ್ನೇ ಹಿಡಿದುಕೊಂಡು ಹೆಚ್ಚುಕಡಿಮೆ ಇದನ್ನೇ ವಾದ ಮಾಡಿದ್ದ. ಆದಾಮನ ಬುದ್ಧಿ ಎಷ್ಟೇ ಚುರುಕಾಗಿರಲಿ, ತಿಳಿಯಾಗಿ ಹರಿಯುವ ನೀರನ್ನು ಸುಮ್ನೆ ನೋಡಿ ಅದು ಉಸಿರು ಕಟ್ಟಿಸುತ್ತದೆ ಅಂತ ಹೇಳಲಾರ. ಬೆಂಕಿಯ ಬೆಳಕು, ಬಿಸುಪು ನೋಡಿ ಅದು ಮೈ ಸುಟ್ಟು ಬೂದಿ ಮಾಡುತ್ತದೆ ಅಂತ ಹೇಳಲಾರ. ಅನುಭವವೇ ಆಗಬೇಕು. ಆದರೆ ಅತ್ತೆ ಹ್ಯೂಮ್‌ಗಿಂತ ಒಂದು ಹೆಜ್ಜೆ ಮುಂದೆ ಹೋದರು. ಅನುಭವ ಒಬ್ಬರದು, ಪಾಠ ಇನ್ನೊಬ್ಬರದು. ಹಳ್ಳದ ಪಕ್ಕದವನಿಗೆ ಆ ಇನ್ನೊಬ್ಬರಿಲ್ಲ.

ಹಳೇ ಕತೆಗಳು ಇದನ್ನು ಯೋಚಿಸದೇ ಬಿಟ್ಟಿಲ್ಲ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ದೇವರು ಮೊದಲು ತೋಟ ಹಾಕಿ ಆಮೇಲೆ ಆದಾಮನನ್ನು ಅಲ್ಲಿಡುತ್ತಾನೆ. ಎಲ್ಲಾ ಮರದ ಹಣ್ಣೂ ತಿನ್ನಬಹುದು, ಒಂದು ಮಾತ್ರ ಬೇಡ, ತಿಂದರೆ ಸಾಯುತ್ತೀಯ. ಇಂಥ ಕಡೆ ತಿಳಿವಳಿಕೆ ಯಾಕೆ ಬೇಕು? ಆದರೂ ನನಗೊಂದು ಅನುಮಾನ. ಒಂದು ಸಾವನ್ನೂ ನೋಡಿರದವನಿಗೆ 'ಸಾಯುತ್ತೀಯ' ಅಂದರೆ ಏನು ಅರ್ಥವಾಗಿರಬಹುದು? ಕುರ್‌ಆನ್‌ನಲ್ಲಿ ಅಲ್ಲಾಹನೇ ಆದಮ್‌ಗೆ ಎಲ್ಲದರ ಹೆಸರು ಕಲಿಸುತ್ತಾನೆ, ದೇವದೂತರಿಗೂ ಗೊತ್ತಿಲ್ಲದ ಹೆಸರುಗಳು. 13ನೇ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಇನ್ನೂ ಧಾರಾಳಿ. ಆದಾಮ ಮೈಯಲ್ಲಿ ದೊಡ್ಡವನಾಗೇ ಬಂದ ಹಾಗೆ ತಿಳಿವಳಿಕೆಯಲ್ಲೂ ದೊಡ್ಡವನಾಗೇ ಬಂದ, ಯಾಕಂದರೆ ಮಕ್ಕಳಿಗೆ ಕಲಿಸಬೇಕಿತ್ತು ಅಂದ. ಅವನೂ ಒಂದು ಗಡಿ ಹಾಕಿದ: ಇನ್ನೊಬ್ಬರ ಮನಸ್ಸಲ್ಲಿರುವುದು, ಮುಂದೆ ಆಗುವುದು, ಹೊಳೆಯಲ್ಲಿ ಎಷ್ಟು ಹರಳುಕಲ್ಲಿದೆ ಅನ್ನುವುದು ಆದಾಮನಿಗೆ ಗೊತ್ತಿರಲಿಲ್ಲ. ಹೊಳೆಯ ಕಲ್ಲನ್ನು ನೆನಪಿಸಿಕೊಂಡ ಆ ಸನ್ಯಾಸಿ ನನಗೆ ತುಂಬಾ ಇಷ್ಟ.

ಆದರೆ ಹೆಚ್ಚು ಒಪ್ಪಿಗೆಯಾಗುವುದು ನಮ್ಮ ಜಿಲ್ಲೆಗೆ ಹತ್ತಿರದ ಕತೆಯೇ. ಶ್ರವಣಬೆಳಗೊಳದ ಬಾಹುಬಲಿಯ ಅಪ್ಪ ಆದಿನಾಥನ ಕತೆ, ಪಂಪ 941ರಲ್ಲೇ ಕನ್ನಡದಲ್ಲಿ ಹೇಳಿದ್ದು. ಜೈನರಲ್ಲಿ ಸೃಷ್ಟಿ ಮಾಡುವ ದೇವರಿಲ್ಲ, ಮೊದಲ ಮನುಷ್ಯನೂ ಇಲ್ಲ. ಭೋಗಭೂಮಿಯ ಜನರಿದ್ದಾರೆ. ಕೇಳಿದ್ದನ್ನು ಕಲ್ಪವೃಕ್ಷ ಕೊಡುತ್ತದೆ, ಹಾಗಾಗಿ ಅವರಿಗೆ ಯಾವ ಕಸುಬೂ ಗೊತ್ತಿಲ್ಲ. ಮರಗಳ ಬೆಳಕು ಕುಂದಿದಾಗ ಆಕಾಶದಲ್ಲಿ ಸೂರ್ಯ ಚಂದ್ರ ಕಾಣಿಸುತ್ತಾರೆ. ಜನ ಹೆದರುತ್ತಾರೆ. ಜನಕ್ಕೆ ದಾರಿ ತೋರುವ ಹಿರಿಯರನ್ನು ಕುಲಕರರು ಅನ್ನುತ್ತಾರೆ; ಅವರಲ್ಲಿ ಮೊದಲನೆಯವನಾದ ಪ್ರತಿಶ್ರುತಿ ಬಂದು, ಇವು ಮೊದಲಿಂದಲೂ ಇದ್ದವು, ಮರದ ಬೆಳಕಲ್ಲಿ ನಿಮಗೆ ಕಾಣುತ್ತಿರಲಿಲ್ಲ ಅಂತ ಸಮಾಧಾನ ಮಾಡುತ್ತಾನೆ. ಹದಿನಾಲ್ಕನೆಯವನಾದ ನಾಭಿರಾಜ ಹೊಕ್ಕುಳಬಳ್ಳಿ ಕತ್ತರಿಸುವುದನ್ನು ತೋರಿಸಿಕೊಡುತ್ತಾನೆ. ಅವನ ಮಗ ಆದಿನಾಥ ಬೇಸಾಯ, ಬರಹ, ವ್ಯಾಪಾರ ಕಲಿಸುತ್ತಾನೆ. ಒಂದೊಂದು ಕಷ್ಟ ಬಂದಾಗ ಒಂದೊಂದು ಪಾಠ.

ಯಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲೂ ಇಂಥದ್ದೇ ಇದೆ. ಮೊದಲ ದಿನ ಸೂರ್ಯ ಮುಳುಗಿದಾಗ ಆದಾಮ, ನನ್ನ ತಪ್ಪಿಗೆ ಲೋಕವೇ ಮುಗಿಯಿತು ಅಂತ ರಾತ್ರಿಯಿಡೀ ಅಳುತ್ತಾನೆ. ಬೆಳಗಾದ ಮೇಲೆ, ಓ, ಲೋಕದ ರೀತಿಯೇ ಇದು ಅಂದುಕೊಳ್ಳುತ್ತಾನೆ.

ಎಲ್ಲವನ್ನೂ ತಲೆಗೇ ತುಂಬಿ ಕಳಿಸಿದರೆ ಏನು ತಪ್ಪು ಅಂತ ಗೆಳೆಯರು ಮತ್ತೆ ಕೇಳಿದರು. ತಪ್ಪು ಇದೆ. ಇಂಗ್ಲೆಂಡಿನ ಜೀವಿಶಾಸ್ತ್ರಜ್ಞ ಫಿಲಿಪ್ ಗಾಸ್ 1857ರಲ್ಲಿ, ಆದಾಮನಿಗೆ ಹೊಕ್ಕುಳ ಇತ್ತು, ಆ ತೋಟದ ಮರಗಳ ಒಳಗೆ ವರ್ಷದ ಉಂಗುರಗಳೂ ಇದ್ದವು ಅಂತ ವಾದಿಸಿದ. ಕಳೆಯದೇ ಇದ್ದ ವರ್ಷಗಳ ಗುರುತು! ತಿಳಿವಳಿಕೆಯೂ ಹಾಗೇ. ಬೆಂಕಿ ಸುಡುತ್ತದೆ ಅಂತ ನನಗೆ ಗೊತ್ತಿರುವುದರ ಒಳಗೆ ಸುಟ್ಟ ಬೆರಳಿದೆ, ಗದರಿದ ಅಮ್ಮ ಇದ್ದಾಳೆ. ಅವನಿಗೂ ಅದನ್ನು ಕೊಡಬೇಕಾದರೆ, ಇಲ್ಲದ ಅಮ್ಮನ ನೆನಪನ್ನೂ ಕೊಡಬೇಕು. ನಾನು ನಂಬುವ ದೇವರು ಅಂಥ ಸುಳ್ಳು ಹೇಳುವವನಲ್ಲ.

ಅವನು ಕೊಟ್ಟಿರಬೇಕಾದದ್ದು ಎರಡೇ ಅನ್ನಿಸುತ್ತದೆ. ಗೊತ್ತಿಲ್ಲದ್ದನ್ನು ಕಂಡರೆ ಸ್ವಲ್ಪ ಹೆದರಿಕೆ, ಮತ್ತೆ ಜೊತೆಗೊಬ್ಬರು. ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲ ಅಂತ ಆದಿಕಾಂಡದ ದೇವರೇ ಹೇಳುತ್ತಾನೆ. ಆ ಮಾತನ್ನು ಮದುವೆಗಳಲ್ಲಿ ಓದುತ್ತಾರೆ. ನಮ್ಮ ಅತ್ತೆ ಆಗಿದ್ದರೆ ಅದನ್ನು ಅಡುಗೆಮನೆಯ ಮಾತು ಅನ್ನುತ್ತಿದ್ದರು. ಯಾಕಂದರೆ ಮುಂದಿನ ಅಧ್ಯಾಯದಲ್ಲಿ ಆಗುವುದೂ ಅದೇ: ಬೇಡ ಅಂದ ಹಣ್ಣನ್ನು ಆದಾಮನ ಹೆಂಡತಿ ಹವ್ವ ಮೊದಲು ತಿಂದಳು. ಆದಾಮ ಪಕ್ಕದಲ್ಲೇ ಇದ್ದ. ಅವಳು ಸಾಯಲಿಲ್ಲ. ಆಮೇಲೆ ಅವನೂ ತಿಂದ.