ಘನಂದಾರಿ ಕೆಲಸ

ಬೆಳಗಿನ ಕಾಫಿ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಹಸಿಕಸದ ಬುಟ್ಟಿಯ ಫೋಟೊ ಬಂತು. ತರಕಾರಿ ಸಿಪ್ಪೆಯ ನಡುವಿನಿಂದ ಒಂದು ಹಾಲಿನ ಕವರ್ ಇಣುಕುತ್ತಿತ್ತು. ಅದಕ್ಕೊಂದು ಕೆಂಪು ಬಳೆ ಬರೆದಿದ್ದರು. ಕೆಳಗೆ ಒಂದೇ ಪದ: 'ಇಗ್ರೀಜಿಯಸ್!'

ಕಳಿಸಿದವರು ನಮ್ಮ ಸೆಕ್ರೆಟರಿ. ರಿಟೈರ್ ಆದಮೇಲೆ ಅವರ ಕೈಗೆ ಎರಡು ಸಿಕ್ಕಿವೆ, ಒಂದು ಅಸೋಸಿಯೇಷನ್ನು, ಇನ್ನೊಂದು ಈ ಪದ. ಕಾರಿಡಾರಿನಲ್ಲಿ ಚಪ್ಪಲಿ ಬಿಟ್ಟರೆ ಇಗ್ರೀಜಿಯಸ್. ಭಾನುವಾರ ಮಧ್ಯಾಹ್ನ ಮಿಕ್ಸಿ ಹಾಕಿದರೆ ಇಗ್ರೀಜಿಯಸ್. ಕಾವೇರಿ ನೀರು ಬರದಿದ್ದರೆ ಅದೂ. ಹೋದ ತಿಂಗಳು ವಾಚ್‌ಮನ್‌ನನ್ನು ಕರೆದು 'ಪಾರ್ಕಿಂಗಿನಲ್ಲಿ ಇಗ್ರೀಜಿಯಸ್ ಆಗಿದೆ, ಹೋಗಿ ನೋಡು' ಅಂದರು. ಅವನು ಬಕೆಟ್ಟು, ಬಟ್ಟೆ, ಸೋಪಿನ ಪುಡಿ ಹಿಡಿದು ಅರ್ಧ ಗಂಟೆ ಕಾರುಗಳ ಕೆಳಗೆಲ್ಲ ಬಗ್ಗಿ ಬಗ್ಗಿ ನೋಡಿದ. ಕೊನೆಗೆ ನನ್ನ ಹತ್ತಿರ ಬಂದು, 'ಸಾರ್, ಗ್ರೀಸ್ ಎಲ್ಲೂ ಚೆಲ್ಲಿಲ್ಲ. ಯಾರೋ ಆಗ್ಲೇ ಒರೆಸಿಬಿಟ್ಟವ್ರೆ' ಅಂದ.

ಬೈಸಿಕೊಂಡ ಮೇಲೆ ಅರ್ಥವಾದರೂ ಗೊತ್ತಿರಬೇಕು, ಅಲ್ವಾ? ನಿಘಂಟು ತೆಗೆದೆ. ಕಣ್ಣಿಗೆ ರಾಚುವಷ್ಟು ಕೆಟ್ಟದ್ದು, ಅತಿರೇಕದ್ದು ಅಂತೆ. ಒಂದು ಹಾಲಿನ ಕವರಿಗೆ! ಮೂಲ ಲ್ಯಾಟಿನ್. 'ಗ್ರೆಕ್ಸ್' ಅಂದರೆ ಹಿಂಡು, 'ಎ' ಅಂದರೆ ಹೊರಗೆ. ಹಿಂಡಿನಲ್ಲಿ ಒಬ್ಬನಾಗದೆ ಎದ್ದು ಕಾಣುವವನು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದು ಹೊಗಳಿಕೆಯೂ ಆಗಿತ್ತು, ಶ್ರೇಷ್ಠ ಅಂತ. ಜನ ಕೊಂಕಿನಿಂದ ಬಳಸಿ ಬಳಸಿ ಬೈಗುಳವೇ ಉಳಿಯಿತು. ಇಟಲಿಯವರು ಮಾತ್ರ ಈಗಲೂ ಪತ್ರದ ಆರಂಭದಲ್ಲಿ 'ಎಗ್ರೆಜೊ' ಅಂತ ಮರ್ಯಾದೆಯಿಂದಲೇ ಬರೆಯುತ್ತಾರೆ. ಇನ್ನೊಂದು ತಮಾಷೆ. ಬೆಂಗಳೂರಿನಲ್ಲಿ ಹಸಿಕಸ, ಒಣಕಸ ಬೇರೆ ಮಾಡಿ ಅಂತ ದಿನಾ ಕಿವಿಗೆ ಬೀಳುವ 'ಸೆಗ್ರಿಗೇಟ್' ಕೂಡ ಇದೇ ಹಿಂಡಿನ ಮರಿ.

ನಮ್ಮಮ್ಮನಿಗೆ ಲ್ಯಾಟಿನ್ ಗೊತ್ತಿರಲಿಲ್ಲ. ನಾನು ಹಾಲು ಉಕ್ಕಿಸಿದ ದಿನ 'ಘನಂದಾರಿ ಕೆಲಸ ಮಾಡಿದೆ ಬಿಡು' ಅನ್ನುತ್ತಿದ್ದಳು. ಹೊಗಳಿಕೆಯ ಪದದಲ್ಲೇ ಪೂರಾ ಬೈಗುಳ. ಆಮೇಲೆ ತಾನೇ ಒಲೆ ಒರೆಸಿ, ಉಳಿದ ಹಾಲಿನಲ್ಲಿ ನನಗೇ ಮೊದಲು ಕಾಫಿ ಕೊಡುತ್ತಿದ್ದಳು. ಫೋಟೊ ತೆಗೆಯುತ್ತಿರಲಿಲ್ಲ.

'ಥ್ಯಾಂಕ್ಯೂ ಸಾರ್, ನಿಮ್ಮ ಮಾತನ್ನು 16ನೇ ಶತಮಾನದ ಅರ್ಥದಲ್ಲಿ ತಗೊಂಡಿದ್ದೇನೆ' ಅಂತ ಗ್ರೂಪಿನಲ್ಲಿ ಟೈಪ್ ಮಾಡಿದೆ. ಕಳಿಸುವ ಮೊದಲೇ ಹೆಂಡತಿ ಫೋನ್ ಕಿತ್ತುಕೊಂಡಳು. ಸುಮ್ನೆ ಕೆಳಗೆ ಹೋಗಿ ಸಿಪ್ಪೆಯೊಳಗೆ ಕೈಹಾಕಿ ಆ ಕವರ್ ತೆಗೆಯುತ್ತಿದ್ದೆ. ಬಕೆಟ್ಟು, ಬಟ್ಟೆ ಹಿಡಿದು ವಾಚ್‌ಮನ್ ಬಂದ.

'ಸಾರ್, ಇವತ್ತು ನಿಮ್ಮನೇದಂತೆ ಗ್ರೀಸು?'