ಹನ್ನೆರಡಡಿ ವೀರ, ಹತ್ತಡಿ ಕಟ್ಟೆ

ಕುಣಿಗಲ್ ಹತ್ತಿರ ಬಿದನಗೆರೆಯಲ್ಲಿ 161 ಅಡಿಯ ಪಂಚಮುಖಿ ಆಂಜನೇಯ ಎದ್ದು ನಿಂತ, ಚಿಕ್ಕಬಳ್ಳಾಪುರದ ಬೆಟ್ಟದ ಬುಡದಲ್ಲಿ 112 ಅಡಿಯ ಆದಿಯೋಗಿ ಬಂದು ಕೂತ. ಅಲ್ಲಿಂದಾಚೆಗೆ ಸುತ್ತಲಿನ ತಾಲ್ಲೂಕು ಕೇಂದ್ರಗಳಿಗೆ ನಿದ್ದೆಯಿಲ್ಲ. ದೇವರ ಜತೆ ಎತ್ತರಕ್ಕೆ ಪೈಪೋಟಿ ಮಾಡುವಷ್ಟು ದುಡ್ಡಿಲ್ಲ. ಹಾಗಾಗಿ ಸರ್ಕಲ್ಲಿಗೊಬ್ಬ ಫೈಬರ್ ವೀರ.

ಎತ್ತರ ಅಂದರೆ ಕಟ್ಟೆಯೂ ಸೇರಿ. ಮೂರ್ತಿ 12 ಅಡಿ, ಕಟ್ಟೆ 10. ಫ್ಲೆಕ್ಸಿನಲ್ಲಿ 22, ಭಾಷಣದಲ್ಲಿ 25. ಅಳತೆ ಶುರುವಾಗುವುದು ಎತ್ತಿದ ಖಡ್ಗದ ತುದಿಯಿಂದ. ಖಡ್ಗ ಎತ್ತದ ವೀರನಿಗೆ ಈ ಸೀಮೆಯಲ್ಲಿ ಕಟ್ಟೆ ಸಿಗುವುದು ಕಷ್ಟ.

ಜಾನಪದ ವೀರನ ಮುಖ ಕಂಡವರಿಲ್ಲ. ಅಚ್ಚಿನವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ? ಕುದುರೆಯ ಅಚ್ಚು ಒಂದು, ಸವಾರನ ಮೈಯ ಅಚ್ಚು ಒಂದು. ಪೇಟ, ಮೀಸೆ ಮಾತ್ರ ಆರ್ಡರಿನ ಪ್ರಕಾರ. ಶಿರಾ ಸೀಮೆಯ ಜುಂಜಪ್ಪ ದನ ಕಾದವನು. ಕಾಡುಗೊಲ್ಲರು ಗಣೆಯೆಂಬ ಬಿದಿರಿನ ಕೊಳಲು ಊದಿ ಅವನ ಕಥೆ ಹಾಡುತ್ತಾರೆ. ಈ ಅಚ್ಚಿನ ಕೈಗೆ ಸಿಕ್ಕರೆ ಅವನಿಗೂ ಮುಂಗಾಲೆತ್ತಿದ ಕುದುರೆ ಗ್ಯಾರಂಟಿ, ಗಣೆ ಇರಬೇಕಾದ ಕೈಗೆ ಖಡ್ಗ. ದನ ಬೇಕಿದ್ದರೆ ಎಕ್ಸ್‌ಟ್ರಾ ಬಿಲ್.

ಫೈಬರ್ ಕೆಲಸ ಕಷ್ಟದ್ದಲ್ಲ. ಅಚ್ಚಿನ ಒಳಮೈಗೆ ಮೂರ್ತಿಯ ಹೊರಮೈಯಾಗುವ ಜೆಲ್‌ಕೋಟ್ ಬಳಿದು, ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ ಎಂಬ ಅಂಟುದ್ರವ ಕುಡಿಸಬೇಕು. ಒಂದು ಪದರಕ್ಕೆ ಹೆಚ್ಚುಕಡಿಮೆ 1 ಮಿ.ಮೀ. ದಪ್ಪ ಬರುತ್ತದೆ. ಕೊಟೇಶನ್ನಿನಲ್ಲಿ ಐದು ಪದರವಿರುತ್ತದೆ. ನಿಜಕ್ಕೂ ಎಷ್ಟು ಹೋಗಿದೆಯೆಂದು ಕುದುರೆಯ ಹೊಟ್ಟೆ ತಟ್ಟಿ ತಮಟೆಯವರೇ ಹೇಳಬಲ್ಲರು. ರೆಸಿನ್ ಗಟ್ಟಿಯಾಗಲು ಹಾರ್ಡ್‌ನರ್ ನೂರಕ್ಕೆ ಒಂದೆರಡು ಪಾಲು. ಸಚಿವರ ತಾರೀಖು ಹತ್ತಿರ ಬಂತೆಂದು ಜಾಸ್ತಿ ಸುರಿದರೆ ಬಿಸಿಯೇರಿ ಬಿರುಕು ಬಿಡುತ್ತದೆ. ಬಿರುಕಿಗೆ ಪುಟ್ಟಿ, ಪುಟ್ಟಿಯ ಮೇಲೆ ಕಂಚಿನ ಬಣ್ಣ. ಆಮಂತ್ರಣ ಪತ್ರಿಕೆ ಅಚ್ಚಾಗುವ ಹೊತ್ತಿಗೆ 'ಬಣ್ಣ' ಉದುರಿ ಬರೀ ಕಂಚು ಉಳಿಯುತ್ತದೆ.

ಮುಂಗಾಲೆತ್ತಿದ ಕುದುರೆಯ ಭಾರವೆಲ್ಲ ಹಿಂಗಾಲಿನದು. ಅದಕ್ಕೇ ಬಾಲವನ್ನು ಕಟ್ಟೆಗೆ ತಾಗಿಸಿ ಮೂರನೆಯ ಕಾಲು ಮಾಡುವುದು. ಕಾಲೊಳಗಿನ ಕಬ್ಬಿಣದ ಪೈಪು, ಕಟ್ಟೆಯಲ್ಲಿ ಹೂತ ಬೋಲ್ಟಿಗೆ ಸೇರಬೇಕು. ಬೋಲ್ಟ್ ಮೊದಲು, ಕಾಂಕ್ರೀಟ್ ಆಮೇಲೆ. ನಮ್ಮಲ್ಲಿ ಕಾಂಕ್ರೀಟ್ ಮೊದಲು, ಡ್ರಿಲ್ ಆಮೇಲೆ. ಬೆಂಗಳೂರು ಭಾಗಕ್ಕೆ ಎಂಜಿನಿಯರುಗಳು ಹಿಡಿಯುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್. ಅಂದರೆ ಚದರ ಮೀಟರಿಗೆ ಸುಮಾರು 65 ಕೆ.ಜಿ. ತಳ್ಳು. ಕುದುರೆ, ಸವಾರ ಸೇರಿ 8 ಚದರ ಮೀಟರ್ ಮೈಯೊಡ್ಡಿದರೆ ಅರ್ಧ ಟನ್ನು ದಾಟಿತು. ಹೊಟ್ಟೆಯಡಿ ತೂತು ಬಿಡದಿದ್ದರೆ ಒಳಗಿಳಿದ ಮಳೆನೀರು ಅಲ್ಲೇ ನಿಂತು ಬೋಲ್ಟನ್ನು ತಿನ್ನುತ್ತದೆ. ಮಹಾರಾಷ್ಟ್ರದ ಮಾಲ್ವಣದಲ್ಲಿ 2023ರ ಡಿಸೆಂಬರ್ 4ರಂದು ಅನಾವರಣಗೊಂಡ 35 ಅಡಿಯ ಶಿವಾಜಿ ಪ್ರತಿಮೆ ಒಂಬತ್ತು ತಿಂಗಳು ತುಂಬುವ ಮೊದಲೇ ಬಿತ್ತು. ಇಂಥ ಸುದ್ದಿ ಬಂದಾಗ ಇಲ್ಲಿಯ ಸಮಿತಿಗಳೂ ಎಚ್ಚೆತ್ತು ಗ್ರಿಲ್ಲಿಗೆ ಇನ್ನೊಂದು ಕೋಟ್ ಪೇಂಟ್ ಹೊಡೆಸುತ್ತವೆ.

ಜಯಂತಿಯ ದಿನ ಹಾರಕ್ಕೆ ಕ್ರೇನ್ ಬೇಕು, ಹಾರಕ್ಕೆ ಸೇಬೇ ಆಗಬೇಕು. ಬೆಲೆ ಬಿದ್ದು ಕೋಲಾರದ ಟೊಮೆಟೊ ರಸ್ತೆಪಾಲಾದ ವಾರದಲ್ಲೂ ಸಮಿತಿಗೆ ಟೊಮೆಟೊ ಹಾರ ಹೊಳೆಯುವುದಿಲ್ಲ.

ಇದೇ ಸೀಮೆಯ ಹಳೆಯ ವೀರಗಲ್ಲುಗಳು ಆಳೆತ್ತರ ದಾಟುವುದೇ ಅಪರೂಪ. ಕೆಳಗೆ ಕಾದಾಟ, ನಡುವೆ ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ವೀರ. ಕದ್ದೊಯ್ದ ತುರು, ಅಂದರೆ ದನ, ಬಿಡಿಸಲು ಹೋಗಿ ಸತ್ತವನ ಹೆಸರೂ ಹಲವು ಕಲ್ಲುಗಳಲ್ಲಿದೆ. ಹೊಸ ಕಟ್ಟೆಗೆ ಜಾಗ ಮಾಡುವಾಗ ಅಂಥದೊಂದು ಅಡ್ಡ ಬಂದರೆ ಜೆಸಿಬಿ ಅದನ್ನು ಚರಂಡಿಯ ಪಕ್ಕಕ್ಕೆ ಸರಿಸುತ್ತದೆ.

ಇನ್ನು ಕಾನೂನು. ಸಾರ್ವಜನಿಕ ರಸ್ತೆಯಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದೇ ರಾಜ್ಯಗಳಿಗೆ ಹೇಳಿದೆ. ಹೈಮಾಸ್ಟ್ ದೀಪ, ರಸ್ತೆ ಸೌಂದರ್ಯೀಕರಣದಂಥವಕ್ಕೆ ವಿನಾಯಿತಿ ಉಂಟು. ಆದ್ದರಿಂದ ಅಂದಾಜುಪಟ್ಟಿಯ ತಲೆಬರಹ 'ವೃತ್ತ ಸೌಂದರ್ಯೀಕರಣ'. ಹುಲ್ಲುಹಾಸು, ಕಾರಂಜಿ, ಕಾರಂಜಿಗೆ ಪಂಪು, ಗ್ರಿಲ್, ಹೈಮಾಸ್ಟ್. ವೀರ ಬರುವುದು ಕೊನೆಯ ಸಾಲಿನಲ್ಲಿ, 'ಇತರೆ' ಎಂಬ ಹೆಸರಿನಲ್ಲಿ.